ಸುಳ್ಳು ಹೇಳದ ರಿವಾಲ್ವರ್

ರಾಂಡಿ ಕೊವಾಲ್‌ನ ಪಿಸ್ತೂಲಿಗೆ ಬ್ಯಾಟರಿ ಬೇಕು. ಇಷ್ಟು ಹೇಳಿದರೆ ಆ ಮನುಷ್ಯನ ಬಗ್ಗೆ ಹೇಳಬೇಕಾದ್ದು ಮುಕ್ಕಾಲು ಪಾಲು ಮುಗಿಯಿತು. ದೇವರು ಕೊಟ್ಟ ಕಣ್ಣು ಸಾಲದೆಂದು ಪಿಸ್ತೂಲಿನ ನೆತ್ತಿಯ ಮೇಲೊಂದು ಗಾಜಿನ ಡಬ್ಬಿ, ಅದರೊಳಗೊಂದು ಕೆಂಪು ಚುಕ್ಕೆ. ಆ ಚುಕ್ಕೆಯನ್ನು ಗುರಿಯ ಮೇಲಿಟ್ಟು ಬೆರಳು ಅಲ್ಲಾಡಿಸಿದರೆ ಆಯಿತಂತೆ. ಇದನ್ನೆಲ್ಲ ಅವನು ಚಕ್ರವಿರುವ ಪೆಟ್ಟಿಗೆಯಲ್ಲಿ ಎಳೆದುಕೊಂಡು ಬರುತ್ತಾನೆ, ವಿಮಾನ ಹತ್ತಲು ಹೊರಟವನ ಹಾಗೆ. ವರ್ಷದಲ್ಲಿ ಐದು ತಿಂಗಳು ಹಿಮ ಬೀಳುವ ನಮ್ಮ ಪೆನ್ಸಿಲ್ವೇನಿಯಾದಲ್ಲಿ ಈಜುಕೊಳ ಮಾರಿ ದುಡ್ಡು ಮಾಡಿದವನು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ.

ನನ್ನದು ರಿವಾಲ್ವರ್. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿದ್ದಾಗ ಕೊಂಡದ್ದು. ನಳಿಗೆಯ ಮೂತಿಯಲ್ಲಿ ನೀಲಿ ಬಣ್ಣ ಸವೆದು ಬಿಳಿಯಾಗಿದೆ, ಮರದ ಹಿಡಿ ನಮ್ಮಿಬ್ಬರ ಬೆವರು ಕುಡಿದು ಕಪ್ಪಾಗಿದೆ. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಕುದುರೆಯನ್ನು, ಅಂದರೆ ತೋಟಾದ ಬೆನ್ನಿಗೆ ಬಡಿಯುವ ಸುತ್ತಿಗೆಯನ್ನು, ಹಿಂದಕ್ಕೆಳೆಯಬೇಕು, ಹಿಡಿತವನ್ನು ಮತ್ತೆ ಸರಿಮಾಡಿಕೊಳ್ಳಬೇಕು, ಉಸಿರು ಬಿಗಿಹಿಡಿಯಬೇಕು. ಅದು ನಿಮಗಾಗಿ ಏನನ್ನೂ ಮಾಡಿಕೊಡುವುದಿಲ್ಲ. ನಿಮ್ಮ ಕೈಯಲ್ಲಿ ಏನಿದೆಯೋ ಅದನ್ನೇ ಕಾಗದದ ಮೇಲೆ ಬರೆಯುತ್ತದೆ. ಅದಕ್ಕೇ ಇಷ್ಟು ವರ್ಷವಾದರೂ ಗೊತ್ತಿದ್ದವರು ಅದನ್ನು ಬಿಟ್ಟಿಲ್ಲ.

ಇನ್ನೊಂದು ಜಾತಿಯವರಿದ್ದಾರೆ. ಇಂಥದೇ ಹಳೆಯ ರಿವಾಲ್ವರನ್ನು ಕೊಂಡು ಮಖಮಲ್ಲಿನ ಮೇಲೆ ಮಲಗಿಸುತ್ತಾರೆ. ತೋಟಾ ತುಂಬುವ ಸಿಲಿಂಡರ್ ತಿರುಗಿಸಿದರೆ ಗೆರೆ ಬೀಳುತ್ತದೆಂದು ಒಮ್ಮೆಯೂ ತಿರುಗಿಸುವುದಿಲ್ಲ. ಮದುವೆಯಾಗಿ ಹೆಂಡತಿಯನ್ನು ಗಾಜಿನ ಬೀರುವಿನಲ್ಲಿಟ್ಟ ಹಾಗೆ. ಥೂ! ಅವರಿಗಿಂತ ರಾಂಡಿಯೇ ವಾಸಿ. ಅವನು ಕನಿಷ್ಠ ಪಕ್ಷ ಗುಂಡು ಹಾರಿಸಿ ಗುರಿ ತಪ್ಪುತ್ತಾನೆ.

ಚಳಿಗಾಲದ ಮಂಗಳವಾರಗಳಂದು ನಾವೆಲ್ಲ ಅಗ್ನಿಶಾಮಕ ಠಾಣೆಯ ನೆಲಮಾಳಿಗೆಯಲ್ಲಿ ಸೇರುತ್ತೇವೆ. ಒಂದು ಕೈ ಜೇಬಿನಲ್ಲಿ, ಇನ್ನೊಂದರಲ್ಲಿ ಪಿಸ್ತೂಲು, ಎದುರಿಗೆ ಕಾಗದದ ಗುರಿ. ಬರ್ನಡೀನ್ ನಮ್ಮ ತಂಡದ ನಾಯಕಿ. ಗಂಡನನ್ನೂ ಗಂಡು ಮಕ್ಕಳನ್ನೂ ಒಂದೇ ಕಣ್ಸನ್ನೆಯಲ್ಲಿ ಕೂರಿಸುವ ಹೆಂಗಸು. ಮಾರ್ಚ್ ತಿಂಗಳಲ್ಲಿ ಹ್ಯಾರಿಸ್ಬರ್ಗ್‌ನಲ್ಲಿ ನಡೆಯುವ ಪಂದ್ಯಕ್ಕೆ ನಾಲ್ವರು ಹೋಗಬೇಕು. ಆ ನಾಲ್ಕರಲ್ಲಿ ಒಂದು ಜಾಗ, ನನ್ನ ಕೂದಲು ಕಪ್ಪಗಿದ್ದ ಕಾಲದಿಂದ, ನನ್ನದು. ಆಗಸ್ಟ್ ಹ್ರುಸ್ಕಾ, ಎಲ್ಲರ ಬಾಯಲ್ಲಿ ಆಗೀ, ಅಂದರೆ ನಾನು, ಇಲ್ಲದೆ ನಮ್ಮೂರ ತಂಡ ಹೋದದ್ದೇ ಇಲ್ಲ. ಹೆಂಡತಿ ತೀರಿಹೋದ ಮೇಲೆ ನನಗೆ ವರ್ಷವೆಂದರೆ ಮಂಗಳವಾರ ಮತ್ತು ಮಾರ್ಚ್, ಅಷ್ಟೇ.

ಈ ಸಲ ಆ ಜಾಗಕ್ಕೆ ರಾಂಡಿ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅವನ ಗುಂಡುಗಳೆಲ್ಲ ಕೆಳಗೆ, ಎಡಕ್ಕೆ ಬೀಳುತ್ತವೆ. ಬಲಗೈಯವನ ಗುಂಡು ಅಲ್ಲಿ ಬಿತ್ತೆಂದರೆ ಸದ್ದಿಗೆ ಕೈ ಬೆದರುತ್ತಿದೆ ಎಂದೇ ಅರ್ಥ. ಗುಂಡು ಹಾರುವ ಮೊದಲೇ ಮಣಿಕಟ್ಟು ಹೆದರಿ ಬಗ್ಗುತ್ತದೆ. ಅದನ್ನು ಒಪ್ಪಿಕೊಳ್ಳುವ ಗಂಡಸುತನ ಅವನಿಗೆಲ್ಲಿ? ತೋಟಾ ಸರಿಯಿಲ್ಲ ಎನ್ನುತ್ತಾನೆ, ಬ್ಯಾಟರಿ ಇಳಿದಿದೆ ಎನ್ನುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ನನ್ನ ಗುಂಡುಗಳೂ ಈ ಚಳಿಗಾಲ ಸ್ವಲ್ಪ ಕೆಳಕ್ಕೇ ಇಳಿದಿದ್ದವು, ನಿಜ. ಆದರೆ ನನ್ನ ವಿಷಯ ಬೇರೆ. ಈಗ ಬರುವ ತೋಟಾದ ಮದ್ದಿನಲ್ಲಿ ಮೊದಲಿನ ಸತ್ವವಿಲ್ಲ. ಜೊತೆಗೆ ನೆಲಮಾಳಿಗೆಯ ಆ ಹೊಸ ಬಿಳಿ ದೀಪಗಳು, ಹೆಣ ಇಡುವ ಕೋಣೆಯ ದೀಪಗಳ ಹಾಗೆ ಕಣ್ಣಿಗೆ ಚುಚ್ಚುತ್ತವೆ. ಇದನ್ನು ಎಲ್ಲರಿಗೂ ವಿವರಿಸಿದ್ದೆ. ಎಲ್ಲರೂ ತಲೆಯಾಡಿಸಿದ್ದರು.

ಫೆಬ್ರವರಿಯ ಕೊನೆಯ ಮಂಗಳವಾರ ಬರ್ನಡೀನ್ ಕಾಫಿ ಲೋಟ ಕೆಳಗಿಟ್ಟು ಹೇಳಿದಳು: "ನಿಮ್ಮಿಬ್ಬರ ಅಂಕಗಳ ಲೆಕ್ಕ ಹೆಚ್ಚುಕಡಿಮೆ ಒಂದೇ ಬಂದಿದೆ. ಯಾರನ್ನ ಕರ್ಕೊಂಡು ಹೋಗ್ಲಿ, ನೀವೇ ಹೇಳಿ."

"ಇದೂ ಒಂದು ಪ್ರಶ್ನೇನಾ?" ಎಂದೆ. "ಸದ್ದು ಕೇಳಿದ್ರೆ ಬೆಚ್ಚಿ ಬೀಳೋ ಮೊಲನ ಕರ್ಕೊಂಡು ಹೋಗಿ ಊರಿನ ಮಾನ ಕಳೀಬೇಡ. ಬೇಕಾದ್ರೆ ಪರೀಕ್ಷೆ ಮಾಡು. ನನ್ನ ರಿವಾಲ್ವರ್ ತಗೋ. ಬೆನ್ನು ತಿರುಗಿಸ್ಕೊಂಡು ಸಿಲಿಂಡರಿನ ಕೆಲವು ಮನೆಗೆ ತೋಟಾ ಹಾಕು, ಕೆಲವು ಖಾಲಿ ಬಿಡು. ಯಾವುದು ಖಾಲಿ ಅಂತ ಅವನಿಗೆ ಗೊತ್ತಾಗಬಾರ್ದು. ಖಾಲಿ ಮನೆ ಮೇಲೆ ಕುದುರೆ ಬಿದ್ದಾಗ ನಳಿಗೆ ಮೂತಿ ಏನ್ಮಾಡುತ್ತೆ ನೋಡು. ಸದ್ದಿಲ್ಲ, ಹೊಗೆ ಇಲ್ಲ, ಮುಚ್ಚಿಡೋಕೆ ಏನೂ ಇರಲ್ಲ. ಇದು ಸುಳ್ಳು ಹೇಳೋ ಸಾಮಾನಲ್ಲ."

"ಇಬ್ರೂ ಐದೈದು ಸಲ ಮಾಡ್ಬೇಕಾಗುತ್ತೆ, ಆಗೀ," ಎಂದಳು.

"ಧಾರಾಳವಾಗಿ."

ಅವಳು ನನ್ನ ಮುಖವನ್ನೇ ನೋಡಿದಳು. "ಬೇಡ ಅನ್ನೋದಾದ್ರೆ ಈಗ್ಲೇ ಹೇಳು."

"ಯಾಕೆ ಬೇಡ? ರಾಂಡಿ ಹೆದರಿದ್ರೆ ಅವನು ಹೇಳ್ಲಿ."

ರಾಂಡಿ ಅಂಗಿಯ ತೋಳು ಮಡಚಿ ಮುಂದೆ ಬಂದ. ನನ್ನ ರಿವಾಲ್ವರನ್ನು ಅವನ ಕೈಯಲ್ಲಿ ನೋಡಿ ನನಗೆ ಮೈ ಉರಿಯಿತು. ಮೊದಲ ಗುಂಡು ಹಾರಿತು. ಎರಡನೆಯದು ಖಾಲಿ. ಟಕ್ ಎಂದು ಕುದುರೆ ಬಿತ್ತು, ಮೂತಿ ಗುಬ್ಬಚ್ಚಿ ಕಾಳು ಹೆಕ್ಕಿದಂತೆ ಕೆಳಕ್ಕೆ ಕುಕ್ಕಿತು.

"ಶಾಭಾಷ್!" ಎಂದು ಚಪ್ಪಾಳೆ ತಟ್ಟಿದೆ. "ಈಜುಕೊಳಕ್ಕೆ ಧುಮುಕ್ತು ನೋಡಿ!"

ಅವನ ಕಿವಿ ಕೆಂಪಾಯಿತು. ಕೈ ಇಳಿಸಿ, ಉಸಿರು ಬಿಟ್ಟು, ಮತ್ತೆ ಎತ್ತಿದ. ಮೂರನೆಯದು ಹಾರಿತು. ನಾಲ್ಕನೆಯದು ಖಾಲಿ, ಮೂತಿ ಚೂರೇ ಚೂರು ಅಲುಗಿತು. ಐದನೆಯದೂ ಖಾಲಿ, ಅಲುಗಲೇ ಇಲ್ಲ. ಅದೃಷ್ಟ ಎಂದುಕೊಂಡೆ.

ನನ್ನ ಸರದಿ ಬಂತು. ಬರ್ನಡೀನ್ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ನಿಂತಳು. ಆಮೇಲೆ ಸಿಲಿಂಡರ್ ಮುಚ್ಚಿ ನನ್ನ ಕೈಗೆ ಕೊಟ್ಟಳು. ಕುದುರೆ ಎಳೆದೆ. ಹೆಬ್ಬೆರಳಿನ ಬುಡದಲ್ಲಿ ಸೂಜಿ ಚುಚ್ಚಿದ ಹಾಗಾಯಿತು, ಈಚೆಗೆ ಯಾವಾಗಲೂ ಆಗುತ್ತದೆ. ಗುರಿ ಹಿಡಿದು ಟ್ರಿಗರ್ ಒತ್ತಿದೆ.

ಟಕ್.

ಮೂತಿ ಪೂರ್ತಿ ಬಗ್ಗಿ ನೆಲ ನೋಡಿತು. ರಾಂಡಿಯದು ಕಾಳು ಹೆಕ್ಕಿದ್ದರೆ ನನ್ನದು ಹೊಂಡವನ್ನೇ ತೋಡಿತ್ತು. "ಬೆವರಿಗೆ ಜಾರಿತು," ಎಂದೆ. ಎರಡನೆಯದು ಟಕ್. ಮತ್ತೆ ಬಗ್ಗಿತು. ಮೂರನೆಯದಾದರೂ ಹಾರುತ್ತದೆಂದು ಕಾದೆ, ಅದೂ ಟಕ್, ಅದೂ ಬಗ್ಗಿತು. ಆಗ ಹೊಳೆಯಿತು. ಇವಳು ಒಂದೂ ತೋಟಾ ಹಾಕಿಲ್ಲ!

"ಇದೇನು ಕುಚೇಷ್ಟೆ, ಬರ್ನಡೀನ್?"

"ಮುಗಿಸು, ಆಗೀ. ಎಲ್ಲಾ ಖಾಲಿ ಅಂತ ಈಗ ನಿನಗೇ ಗೊತ್ತಲ್ಲ. ಇನ್ನೆರಡು ಮುಗಿಸು."

ಮುಗಿಸಿದೆ. ಖಾಲಿ ಎಂದು ತಲೆಗೆ ಗೊತ್ತಿತ್ತು. ಕೈಗೆ ಎಷ್ಟು ಹೇಳಿದರೂ ಕೇಳಲಿಲ್ಲ. ನಾಲ್ಕನೆಯದಕ್ಕೂ ಐದನೆಯದಕ್ಕೂ ಅಪ್ಪನ ರಿವಾಲ್ವರ್ ತಲೆ ತಗ್ಗಿಸಿತು.

"ಇದು ಭಯ ಅಲ್ಲ," ಎಂದೆ. "ಹೆಬ್ಬೆರಳು ನೋವು."

"ಗೊತ್ತು. ಆದ್ರೂ ಮೂತಿ ಬಗ್ಗುತ್ತೆ," ಎಂದಳು ಅವಳು. "ಹ್ಯಾರಿಸ್ಬರ್ಗ್‌ಗೆ ರಾಂಡಿ ಬರ್ಲಿ."

ರಾಂಡಿ ನಗುತ್ತಾನೆಂದು ಹಲ್ಲು ಕಚ್ಚಿಕೊಂಡು ಕಾದೆ. ನಕ್ಕಿದ್ದರೆ ಉತ್ತರ ಸಿದ್ಧವಾಗಿತ್ತು. ಆದರೆ ಆ ದಡ್ಡ ನಗಲಿಲ್ಲ. ಅವನಿಗೆ ಆಶ್ಚರ್ಯವೂ ಆದ ಹಾಗೆ ಕಾಣಲಿಲ್ಲ. ಅದೇ ನನ್ನನ್ನು ಕುಟುಕಿತು.

"ಲೋ ರಾಂಡಿ, ನಿನಗೆ ಮೊದಲೇ ಗೊತ್ತಿತ್ತೇನೋ?"

ಅವನು ಬರ್ನಡೀನಳ ಕಡೆ ನೋಡಿದ. ಅವಳು ಲೋಟದ ಕಡೆ ನೋಡಿದಳು.

ಪಟಾಕಿ ಮುಂದೆ ನಿಂತ ಮಗುವಿನ ಥರ ಎಂದು ಯಾರಾದರೂ ಹಿಂದಿನಿಂದ ಹಂಗಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಹಾಗೆ ಯಾರೂ ಆಡಿಕೊಳ್ಳಲಿಲ್ಲ. ರಾಂಡಿ ಮೆಲ್ಲಗೆ ಅಂದದ್ದು ಇಷ್ಟೇ: "ಎಲ್ರಿಗೂ ಗೊತ್ತು, ತಾತ. ಕ್ರಿಸ್‌ಮಸ್‌ಗೆ ಮುಂಚಿಂದ."

"ಮತ್ತೆ ನಾನು ವಾರ ವಾರ ನಿನ್ನ ಮುಖಕ್ಕೆ ಮಂಗಳಾರತಿ ಎತ್ತುತ್ತಿದ್ದಾಗ ಬಾಯಲ್ಲಿ ಏನಿಟ್ಕೊಂಡಿದ್ದೆ? ತಿರುಗಿಸಿ ಒಂದು ಮಾತು ಅನ್ನೋಕೆ ಏನಾಗಿತ್ತು?"

"ಅಂದಿದ್ರೆ ನೀವು ಬರೋದನ್ನೇ ನಿಲ್ಲಿಸ್ಬಿಡ್ತಿದ್ರಿ."

ಇಡೀ ಚಳಿಗಾಲ ನಾನು ಇವರನ್ನೆಲ್ಲ ಮೇಲಿನಿಂದ ಕೆಳಗೆ ನೋಡುತ್ತಿದ್ದೇನೆಂದುಕೊಂಡಿದ್ದೆ. ಇವರು ನನ್ನನ್ನು ಸಾಕುತ್ತಿದ್ದರು. ಇದಕ್ಕಿಂತ ಆ ಈಜುಕೊಳದವನು ನನ್ನ ಮುಖಕ್ಕೆ ಉಗಿದಿದ್ದರೆ ಎಷ್ಟೋ ಚೆನ್ನಾಗಿತ್ತು. ರಿವಾಲ್ವರನ್ನು ಒರೆಸಿ ಚೀಲಕ್ಕೆ ಹಾಕಿದೆ, ಕೋಟು ತೊಟ್ಟೆ. ಇನ್ನು ಈ ನೆಲಮಾಳಿಗೆಯ ಮೆಟ್ಟಿಲು ತುಳಿಯುವುದಿಲ್ಲ ಎಂದು ಕೂಗಿ ಹೇಳಲು ಬಾಯಿ ತೆರೆದೆ.

ಹಾಗೆಯೇ ಮುಚ್ಚಿಕೊಂಡೆ. ಬರುವುದು ನಿಲ್ಲಿಸಿದರೆ ಅವನು ಹೇಳಿದ್ದೇ ನಿಜವಾಗುತ್ತದಲ್ಲ! ಹಾಳಾದವನು, ಸಿಟ್ಟು ಮಾಡಿಕೊಂಡು ಮನೆಯಲ್ಲಿ ಕೂರುವುದಕ್ಕೂ ನನಗೆ ದಾರಿ ಬಿಡಲಿಲ್ಲ.

"ಮಂಗಳವಾರ ಬರ್ತೀರಲ್ಲ, ತಾತ?" ಎಂದ.

"ಬರದೆ ಏನು?" ಎಂದೆ.