ಹುಲಿಗೆವ್ವನ ಕಂಬದ ಎಣಿಕೆ ಪೆಟ್ಟಿಗೆ

ಅಂಗೈಯಗಲದ ಬಿಳಿ ಪೆಟ್ಟಿಗೆ ನಾನು. ನನ್ನನ್ನು ಜೋಡಿಸಿದವರು ರೋಹಿಣಿ ಮೇಡಂ, ಪ್ರವಾಸಿಗರ ಲೆಕ್ಕ ತೆಗೆಯುವ ಒಂದು ಸಂಸ್ಥೆಯವರು. ಸುತ್ತಲಿನ ಇಪ್ಪತ್ತು ಹೆಜ್ಜೆಯೊಳಗೆ ಎಷ್ಟು ಮೊಬೈಲುಗಳಿವೆ, ಎಷ್ಟು ಹೊತ್ತು ಇವೆ ಎಂದು ಅವರ ಕಂಪ್ಯೂಟರಿಗೆ ತಿಳಿಸುವುದಷ್ಟೇ ನನಗೆ ಬರುವ ವಿದ್ಯೆ. ಒಂದು ಮೊಬೈಲು ಅಂದರೆ ಒಬ್ಬ ಮನುಷ್ಯ ಎಂದು ಹುಟ್ಟುವಾಗಲೇ ಹೇಳಿಕೊಟ್ಟಿದ್ದರು. ನಾನೂ ನಂಬಿದೆ.

ನನ್ನನ್ನು ಕರಿಬಂಡೆ ಕೆರೆಗೆ ತಂದರು. ಅಲ್ಲಿನ ಅಂಗಡಿಯವರೆಲ್ಲ "ನಮಗ್ಯಾಕ್ರೀ ಈ ಉಸಾಬರಿ" ಎಂದು ಜಾರಿಕೊಂಡರು. ಮಿರ್ಚಿ ಕರಿಯುವ ಹುಲಿಗೆವ್ವ ಮಾತ್ರ ತನ್ನ ಅಂಗಡಿಯ ಕಂಬಕ್ಕೆ ಕಟ್ಟಿಸಿಕೊಂಡು, ತನ್ನ ಬಲ್ಬಿನ ವೈರಿನಿಂದಲೇ ಕರೆಂಟು ಕೊಟ್ಟಳು.

"ಮಂದಿ ಭಾಳ ಆಗ್ಯಾರ್ರೀ ಮೇಡಂ. ನೀರಾಗ ಬರೇ ಬಾಟ್ಲಿ ತೇಲ್ತಾವ. ದಿನಕ್ಕ ಇಷ್ಟ ಮಂದಿ ಅಂತ ಮಾಡಿದ್ರ ಕೆರಿ ಉಳೀತೈತಿ, ನನ್ನ ಅಂಗಡೀನೂ ಉಳೀತೈತಿ."

"ಖಂಡಿತ ಅಮ್ಮಾ. ವರದಿ ಬರೆಯೋ ಮುಂಚೆ ನಿಮ್ಮನ್ನ ಕೇಳೇ ಕೇಳ್ತೀನಿ," ಎಂದರು ಮೇಡಂ.

ಆ ಮಾತನ್ನು ಹುಲಿಗೆವ್ವ ನೆಚ್ಚಿಕೊಂಡಳು. ಎಣ್ಣೆ ಜಿಡ್ಡು ಹತ್ತಬಾರದೆಂದು ದಿನಾ ಬೆಳಿಗ್ಗೆ ನನ್ನ ಮೈ ಒರೆಸುತ್ತಿದ್ದಳು.

ಆ ಕೆರೆಯ ಹರಿಗೋಲಿನವರದೊಂದು ಪದ್ಧತಿ. ನಡುನೀರಿನಲ್ಲಿ ಹರಿಗೋಲನ್ನು ಗರಗರ ತಿರುಗಿಸುತ್ತಾರಲ್ಲ, ಆಗ ಮೊಬೈಲು ಬಿದ್ದರೆ ಜಗಳ ತಪ್ಪಿದ್ದಲ್ಲ. ಅದಕ್ಕೇ ಹತ್ತುವ ಮೊದಲು ಎಲ್ಲರ ಮೊಬೈಲು ಇಸಿದುಕೊಂಡು ಹುಲಿಗೆವ್ವನ ಮರದ ಸಂದೂಕದಲ್ಲಿಡುತ್ತಿದ್ದರು. ಸಂದೂಕ ಇದ್ದದ್ದು ಸರಿಯಾಗಿ ನನ್ನ ಕೆಳಗೆ. ಜನ ಅಲ್ಲಿ ನೀರಿನ ಮೇಲೆ ಕೇಕೆ ಹಾಕುತ್ತಿದ್ದರೆ ಅವರ ಮೊಬೈಲುಗಳು ಇಲ್ಲಿ ಗಂಟೆಗಟ್ಟಲೆ ಬಿದ್ದಿರುತ್ತಿದ್ದವು. ಅದು ಆಗ ನನಗೇನು ಗೊತ್ತು? ಕಲಿತದ್ದನ್ನೇ ಕಳಿಸಿದೆ: ಈ ಅಂಗಡಿಯ ಮುಂದೆ ಮುನ್ನೂರು ಜನ ಅಲ್ಲಾಡದೆ ನಿಂತಿದ್ದಾರೆ.

ಮೂರು ತಿಂಗಳಾಯಿತು. ಮೇಡಂ ಬರಲಿಲ್ಲ, ಅವರ ವರದಿ ನೋಡಿ ಪಂಚಾಯಿತಿ ಕಳಿಸಿದ ನೋಟೀಸು ಬಂತು. ಹರಿಗೋಲು ನಡೆಸುವ ಯಂಕೋಬ ಓದಿ ಹೇಳಿದ. ನೂಕುನುಗ್ಗಲಿಗೆಲ್ಲ ಹುಲಿಗೆವ್ವನ ಅಂಗಡಿಯೇ ಮೂಲ, ಅದನ್ನು ತೆಗೆಯತಕ್ಕದ್ದು ಎಂದಿತ್ತು.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. "ನನ್ನ ಕರೆಂಟ್ ತಿಂದು ನನ್ನ ಮ್ಯಾಲೇ ಚಾಡಿ ಹೇಳ್ತಲ್ಲೋ ಇದು!"

ಉಂಡ ಮನೆಗೇ ಎರಡು ಬಗೆದಂತಾಗಿತ್ತು. ಅಷ್ಟು ನಾಚಿಕೆ ನನಗೆಂದೂ ಆಗಿರಲಿಲ್ಲ. ಕೇಳುತ್ತೇನೆಂದು ಹೇಳಿ ಕೇಳದೆ ಹೋದ ಮೇಡಂ ಮೇಲೆ ಸಿಟ್ಟೂ ಬಂತು.

ಅಂಗಡಿ ಕಿತ್ತರು, ಕಂಬ ಉಳಿಸಿದರು. ನನಗೆ ಬೀದಿದೀಪದ ಕರೆಂಟು ಕೊಟ್ಟರು. ಮೊಬೈಲು ಇಡಲು ಇಲ್ಲಿ ಅಂಗಡಿಯಿಲ್ಲವೆಂದು ಹರಿಗೋಲುಗಳೂ ಸಂದೂಕವೂ ದೊಡ್ಡ ಬಂಡೆಯ ಆಚೆಗೆ ಹೋದವು, ಜನವೂ ಅತ್ತಲೇ ಹೋಯಿತು. ನನ್ನ ಲೆಕ್ಕ ಮೂವತ್ತಕ್ಕಿಳಿಯಿತು. ಮೇಡಂ ಆಗ ಬಂದರು, ನಗುನಗುತ್ತಾ, ನನ್ನನ್ನು ಬಿಚ್ಚಿಕೊಂಡು ಹೋಗಲು. ಜನಸಂದಣಿ ತಗ್ಗಿತಂತೆ, ಕೆಲಸ ಗೆದ್ದಿತಂತೆ.

ಪುಟ್ಟಿಯಲ್ಲಿ ಶೇಂಗಾ ಮಾರುತ್ತಿದ್ದ ಹುಲಿಗೆವ್ವ ಎದ್ದು ಬಂದಳು. ಆಗಲೇ ನನ್ನನ್ನು ಬಿಚ್ಚಿಕೊಂಡಿದ್ದ ಮೇಡಂ ಕೈ ಹಿಡಿದು ಬಂಡೆಯಾಚೆ ಕರೆದೊಯ್ದಳು. ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಂಕೋಬ ಒಬ್ಬೊಬ್ಬರ ಮೊಬೈಲನ್ನೂ ಇಸಿದುಕೊಂಡು ಸಂದೂಕಕ್ಕೆ ಹಾಕುತ್ತಿದ್ದ. ಮೇಡಂ ಅವನನ್ನೂ ಕೈಯಲ್ಲಿದ್ದ ನನ್ನನ್ನೂ ನೋಡಿದರು.

"ಇದು ನಂಗೆ ಗೊತ್ತಿರ್ಲಿಲ್ಲ ಅಮ್ಮಾ."

"ಈ ಡಬ್ಬಿ ಮ್ಯಾಲೆ ಈಗ ಸಿಟ್ಟಿಲ್ರೀ ನನಗ. ಅದಕ್ಕ ಕಣ್ಣಿಲ್ಲ. ನಿಮಗ ಇದ್ವಲ್ರೀ?"

ಮೇಡಂ ನನ್ನನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ವರದಿಯನ್ನು ತಿದ್ದಲಿಲ್ಲ. ಹುಲಿಗೆವ್ವನಿಗೆ ಅಂಗಡಿ ಮರಳಿ ಸಿಗಲಿಲ್ಲ.

ಈಗ ನಾನು ಅವರ ಕಚೇರಿಯ ಕಪಾಟಿನಲ್ಲಿದ್ದೇನೆ. ತಿಳಿಯದೆ ತಪ್ಪು ಹೇಳಿದ್ದಕ್ಕೆ ಇಲ್ಲಿ ಧೂಳು ತಿನ್ನುತ್ತಿದ್ದೇನೆ. ತಿಳಿದ ಮೇಲೂ ಬಾಯಿ ಬಿಡದವರು ಮೊನ್ನೆ, ಅದೇ ವರದಿಗಾಗಿ, ಶಾಲು ಹೊದಿಸಿಕೊಂಡು ಬಂದರು.