ಕರೆದರೆ ತಿರುಗಬಾರದ ಹೆಸರು

ಹೊಸ ಸರ್ಕಾರಕ್ಕೆ ಹಳೆಯ ಪದವಿಗಳ ಸದ್ದೇ ಆಗದು. ಪದವಿಯನ್ನೇ ಹೆಸರಾಗಿಸಿಕೊಂಡವರೆಲ್ಲ ಬೇರೆ ಹೆಸರಿಟ್ಟುಕೊಳ್ಳಬೇಕು. ಮನೆಯೊಳಗೆ ಹಳೆಯದನ್ನು ಕರೆದದ್ದು ಅಧಿಕಾರಿಗಳ ಕಿವಿಗೆ ಬಿದ್ದರೆ ಮಕ್ಕಳನ್ನು ಎಳೆದೊಯ್ಯುತ್ತಾರೆ. ಹಾಗೆ ಹೋದ ಎದುರುಮನೆಯ ಹುಡುಗಿ ಇನ್ನೂ ಬಂದಿಲ್ಲ. ಅಂದಿನಿಂದ ಈಚೆ ಮನೆಯ ದರ್ಜಿ ಹೆಂಗಸಿಗೆ ಅನ್ನ ಸೇರುತ್ತಿರಲಿಲ್ಲ. ಅವಳ ಮಗನ ಹೆಸರು ಸರದಾರ.

ಅದೆಂಥ ಸರದಾರಿಕೆಯೋ! ಗಂಡನ ಮನೆತನದ ಹಿರಿಯನೊಬ್ಬ ಯಾವನೋ ಸರದಾರನ ಲಾಯದಲ್ಲಿ ಲದ್ದಿ ಬಾಚುತ್ತಿದ್ದ. ಲಾಯದ ಆಳುಗಳೆಲ್ಲ ಚೊಚ್ಚಲ ಗಂಡುಮಗುವಿಗೆ ಒಡೆಯನ ಪದವಿಯನ್ನೇ ಹೆಸರಿಡುತ್ತಿದ್ದರು. ತನ್ನದೇ ಪದವಿ ಹೊತ್ತ ಮಗುವಿನ ಮೇಲೆ ಚಾವಟಿ ಎತ್ತಲು ಒಡೆಯ ಹಿಂಜರಿದಾನು ಎಂಬ ಆಸೆ, ಅಷ್ಟೆ. ಲಾಯ ಹೋಯಿತು, ಹೆಸರು ಉಳಿಯಿತು. ಸರ್ಕಾರಕ್ಕೆ ಇದನ್ನೆಲ್ಲ ಯಾರು ಹೇಳಬೇಕು?

ಅವಳು ಮಗನಿಗೆ ಹೊಸ ಹೆಸರು ಕಲಿಸಿದಳು. ಬೆನ್ನ ಹಿಂದಿನಿಂದ ಹಳೆಯದನ್ನು ಕೂಗುವಳು. ತಿರುಗಿದರೆ ತೊಡೆ ಚಿವುಟುವಳು. ಚಿವುಟಿ ತಾನೇ ಅಳುವಳು. ಅಂತೂ ಮಗ ಕಲಿತ. ಕಲಿಯದವರು ಮಾವ. ಅವರಿಗೆ ಮರೆವು, ಬೆಳಗ್ಗೆ ಉಂಡದ್ದು ನೆನಪಿಲ್ಲ, ಮೊಮ್ಮಗನ ಹೆಸರು ಮಾತ್ರ ನಾಲಿಗೆ ತುದಿಯಲ್ಲೇ.

ತಪಾಸಣೆಯ ಅಧಿಕಾರಿ ಬಂದಾಗ ಅವಳು ಮಾವನ ಕೈಗೆ ಬ್ರೆಡ್ಡು ಕೊಟ್ಟು ಒಳಕೋಣೆಯಲ್ಲಿ ಕೂರಿಸಿ, ಹೊಲಿಗೆ ಹಿಡಿದು ಕೂತಳು.

"ನಿನ್ ಹೆಸರೇನು ಮರಿ?"

ಮಗ ಹೊಸದನ್ನು ಹೇಳಿದ.

"ಮೊದ್ಲು ಏನಂತ ಕರೀತಿದ್ರು?"

"ಇದೇ."

ಅವಳ ಸೂಜಿ ಬಟ್ಟೆ ಬಿಟ್ಟು ಬೆರಳಿಗೆ ಚುಚ್ಚಿತು.

"ಸರಿ ಬಿಡಮ್ಮಾ," ಎಂದು ಅಧಿಕಾರಿ ಬಾಗಿಲ ಕಡೆ ನಡೆದ. ಬೀದಿಯಲ್ಲಿ ಅವನ ಜೊತೆ ಬಂದಿದ್ದ ಪೊಲೀಸಿನವನು ಜೀಪು ಚಾಲೂ ಮಾಡಿದ. ಆಗಲೇ ಮಾವ ಒಳಗಿನಿಂದ ಗಂಟಲು ಹರಿಯುವಂತೆ ಕೂಗಿದರು:

"ಲೋ ಸರದಾರಾ! ನೀರು ತಗೊಂಡ್ ಬಾರೋ!"

ಅವಳು ಮಗನತ್ತ ನೋಡಿದಳು. ಮಗ ಕಣ್ಣೂ ಮಿಟುಕಿಸಲಿಲ್ಲ.

"ಬಂದೆ ತಾತಾ," ಎಂದವನು ಅಧಿಕಾರಿ.

ಹಾಗೆಂದವನೇ ಹೊಸ್ತಿಲಲ್ಲಿ ಕಲ್ಲಾದ. ಜೀಪಿನತ್ತ ನೋಡಿದ, ಅವಳತ್ತ ನೋಡಿದ. ಇವನ ಹಳೆಯ ಹೆಸರೂ ಅದೇ, ಇವನ ಮನೆಯವರೂ ಅದೇ ಲಾಯದಲ್ಲಿ ಲದ್ದಿ ಬಾಚಿದವರೇ ಎಂದು ಅವಳಿಗೆ ಹೊಳೆಯಿತು.

"ಅಮ್ಮಾ, ನಾನೇನೂ ಕೇಳಿಸ್ಕೊಂಡಿಲ್ಲ. ನೀವೂ..." ಅವನು ಮತ್ತೆ ಜೀಪಿನತ್ತ ನೋಡಿದ.

"ನಾನೂ ಇಲ್ಲ ಸಾರ್."

ಜೀಪು ಹೋಯಿತು. ಅವಳು ಚಿಲಕ ಹಾಕಿ, ಬಾಗಿಲಿಗೇ ಒರಗಿ ಕುಸಿದು, ಎಷ್ಟೋ ದಿನದ ಮೇಲೆ ಬಾಯಿತುಂಬ ಕರೆದಳು: "ಸರದಾರಾ, ಮುಗೀತು ಕಣೋ! ಬಾರೋ ಕಂದಾ!"

ಮಗ ತಿರುಗಲಿಲ್ಲ. ಎರಡೂ ಕೈಗಳಿಂದ ತೊಡೆ ಮುಚ್ಚಿಕೊಂಡ.