ಎರಡು ಸುತ್ತು ಕಮ್ಮಿ

"ಊರಿಗೆಲ್ಲ ಕನ್ನಡಕ ಹಾಕ್ತೀಯಲ್ಲ, ಮೊದಲು ನಿನ್ನ ಕಿವಿಗೊಂದು ಹಾಕ್ಕೋ," ಎಂದ ಲಿಫ್ಟ್ ರಿಪೇರಿಯ ಗೆಳೆಯ, ಲಿಫ್ಟಿನವ.

ಕನ್ನಡಕದಂಗಡಿಯವನು ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಒತ್ತಿಕೊಂಡು ಯಾರದೋ ಫ್ರೇಮಿನ ತಿರುಪು ಬಿಗಿಮಾಡುತ್ತಿದ್ದ. ಮಾತು ಶುರುವಾದದ್ದು ನಗುವಿನಲ್ಲೇ. ಇಬ್ಬರೂ ಹರೆಯದಿಂದ ಹಚ್ಚಿಕೊಂಡಿದ್ದ ಪ್ರೊಗ್ರೆಸಿವ್ ರಾಕ್ ಬ್ಯಾಂಡು ಬಹಳ ವರ್ಷಗಳ ಮೇಲೆ ಹೊಸ ಆಲ್ಬಮ್ ತಂದಿತ್ತು. ಐವರಲ್ಲಿ ಉಳಿದವರು ಮೂವರು. ಹಾಡುಗಾರನಿಗೆ ಎಪ್ಪತ್ತು ದಾಟಿತ್ತು.

"ಮುದುಕರು ತಲೆಗೆ ಬಣ್ಣ ಹಚ್ಕೊಂಡು ಕುಣಿದ ಹಾಗಿದೆ. ಏನವಸರ ಅಂತೀಯ! ಕೊನೇ ಬಸ್ಸು ತಪ್ಪಿಹೋಗುತ್ತೆ ಅನ್ನೋ ಥರ ಹಾಡ್ತಾನೆ," ಎಂದ ಲಿಫ್ಟಿನವ.

"ಅವಸರಾನಾ? ಲೋ, ಒಂದೊಂದು ಮಾತನ್ನೂ ತೂಗಿ ಇಟ್ಟಿದ್ದಾನೆ. ವಯಸ್ಸಾಯ್ತು ಅಂತ ಒಪ್ಪಿಕೊಂಡು ಹಾಡಿದ್ದಾನೆ ಕಣೋ. ಆ ದನಿ ಇಳಿದಿರೋದೇ ಚೆಂದ."

"ಎಲ್ಲಿ ಇಳಿದಿದೆ? ಇಸ್ತ್ರಿ ಹಾಕಿ ನೀಟಾಗಿ ಮಡಿಸಿಟ್ಟಿದ್ದಾರೆ. ಒಬ್ಬನೇ ಇದ್ದೂ ಇದ್ದೂ ನಿನಗೆ ಎಲ್ಲವೂ ಅಳು ಥರ ಕೇಳುತ್ತೆ, ಅಷ್ಟೆ."

ತಿರುಪು ತಿರುಗಿಸುತ್ತಿದ್ದ ಕೈ ನಿಂತಿತು. "ಬದುಕಿಡೀ ಮೇಲೆ ಕೆಳಗೆ ಹೋಗಿ ಬಂದೋನು ನೀನು. ಒಂದು ಕಡೆ ಕೂತು ಏನನ್ನಾದರೂ ಕೇಳಿದ್ದೀಯೇನೋ?"

ಆ ಕಡೆಯಿಂದ ಫೋನ್ ಕಟ್ಟಾಗಿತ್ತು.

ಲಿಫ್ಟಿನವ ಮೊದಲ ಸಲ ಅಂಗಡಿಗೆ ಬಂದಾಗ ಇಬ್ಬರ ತಲೆಯೂ ಕಪ್ಪಗಿತ್ತು. ಗಾಜು ಕೂರಿಸುವವರೆಗೆ ಕಾಯುತ್ತ ಅವನು ಕೌಂಟರಿನ ಮೇಲೆ ಬೆರಳಿನಿಂದ ನಾಲ್ಕು ಸಲ ತಟ್ಟಿದ. ಒಳಗಿದ್ದವನು ತಲೆಯೆತ್ತದೆ ಮೇಜಿನ ಮೇಲೆ ಮೂರು ತಟ್ಟಿ ಲೆಕ್ಕ ಮುಗಿಸಿದ. ಏಳರ ಎಣಿಕೆಯಲ್ಲಿ ನಡೆಯುವ ಆ ಬ್ಯಾಂಡಿನ ಹಾಡು ಊರಿನಲ್ಲಿ ಇನ್ನೊಬ್ಬನಿಗೂ ಗೊತ್ತಿದೆ ಎಂಬುದು ಇಬ್ಬರಿಗೂ ತಿಳಿದದ್ದು ಹಾಗೆ. ಅಂದಿನಿಂದ ಕನ್ನಡಕದಂಗಡಿಯವನ ಮನೆಯ ಬಾಗಿಲ ಮೇಲೆ ಹೊರಗಿನಿಂದ ನಾಲ್ಕು, ಒಳಗಿನಿಂದ ಮೂರು. ಆಮೇಲೆಯೇ ಚಿಲಕ ತೆಗೆಯುವುದು. "ಬಾಗಿಲು ತೆಗೆಯೋಕೂ ಲೆಕ್ಕ ಬೇಕೇನ್ರೀ ನಿಮಗೆ?" ಎಂದು ಅವನ ಹೆಂಡತಿ ನಗುತ್ತಿದ್ದಳು.

ಹೆಂಡತಿ ತೀರಿಹೋದಳು. ಆಮೇಲೆ ಲಿಫ್ಟಿನವನ ಮಂಡಿಯೂ ಹೋಯಿತು. "ಊರಿನ ಲಿಫ್ಟೆಲ್ಲ ರಿಪೇರಿ ಮಾಡೋನಿಗೆ ಲಿಫ್ಟಿಲ್ಲದ ಮೂರನೇ ಮಹಡಿಯ ಗೆಳೆಯ ಸಿಗಬೇಕಾ?" ಎಂದು ನಗಾಡಿದವನು ಬರುವುದನ್ನು ಬಿಟ್ಟ. ಉಳಿದದ್ದು ಫೋನು. ಹೊಸ ಆಲ್ಬಮನ್ನೂ ಇಬ್ಬರೂ ಬೇರೆ ಬೇರೆ ಕೇಳಿದ್ದರು: ಕನ್ನಡಕದವನು ಮನೆಯ ಹಳೆಯ ರೆಕಾರ್ಡ್ ಪ್ಲೇಯರಿನಲ್ಲಿ, ಅವನು ಯಾವುದೋ ಕಟ್ಟಡದ ನೆತ್ತಿಯ ಮೇಲಿನ ಲಿಫ್ಟ್ ಮಿಷನ್ ರೂಮಿನಲ್ಲಿ ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು.

ಜಗಳದ ನಂತರ ಫೋನು ಬರಲಿಲ್ಲ. ಇವನೂ ಮಾಡಲಿಲ್ಲ. ಸಂಜೆ ಅಂಗಡಿಯಿಂದ ಬಂದು ಅದೇ ರೆಕಾರ್ಡ್ ಹಾಕುತ್ತಿದ್ದ. ಹಾಡುಗಾರನ ಭಾರವಾದ, ದಣಿದ ದನಿ ಕೋಣೆಯಲ್ಲಿ ತುಂಬುತ್ತಿದ್ದಂತೆ, ಇದರಲ್ಲಿ ತಪ್ಪು ಹುಡುಕುವವನ ಜೊತೆ ಮಾತೇ ಬೇಡ ಎನ್ನಿಸುತ್ತಿತ್ತು. ರೆಕಾರ್ಡ್ ಮುಗಿದ ಮೇಲೆ ಹಾಗೆನ್ನಿಸುತ್ತಿರಲಿಲ್ಲ.

ಅಂಥ ಒಂದು ವಾರ ಕಳೆದು, ಪಕ್ಕದ ಕ್ಷೌರದಂಗಡಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದಾಗ ರೇಡಿಯೊದಲ್ಲಿ ಆ ಆಲ್ಬಮಿನ ಹಾಡು ಬಂತು. ಇವನು ಸಾಬೂನು ನೊರೆಯ ಮುಖವನ್ನು ಥಟ್ಟನೆ ತಿರುಗಿಸಿದ.

"ಅಯ್ಯೋ ಅಣ್ಣಾ, ಕತ್ತಿ ಇದೆ ಕೈಯಲ್ಲಿ!"

"ನಿಮ್ಮ ರೇಡಿಯೊ ಜೋರಾಗಿ ಓಡ್ತಿದೆ."

"ರೇಡಿಯೊ ಎಲ್ಲಿಗೆ ಓಡುತ್ತೆ? ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದೀನಿ."

ಹಾಡುಗಾರನ ದನಿ ತೆಳ್ಳಗೆ, ಚುರುಕಾಗಿ, ನುಣ್ಣಗೆ ಬರುತ್ತಿತ್ತು. ಬಸ್ಸು ತಪ್ಪಿಹೋಗುವವನ ಹಾಗೆ.

ಮನೆಗೆ ಬಂದು ರೆಕಾರ್ಡ್ ಪ್ಲೇಯರಿನ ತಿರುಗುತಟ್ಟೆಯ ಅಂಚಿಗೆ ಕಾಗದದ ಚೂರೊಂದನ್ನು ಅಂಟಿಸಿ, ಗಡಿಯಾರ ನೋಡುತ್ತ ಎಣಿಸಿದ. ತಿರುಗಬೇಕಾದ್ದಕ್ಕಿಂತ ನಿಮಿಷಕ್ಕೆ ಎರಡು ಸುತ್ತು ಕಮ್ಮಿ. ತಟ್ಟೆಯನ್ನೆತ್ತಿ ನೋಡಿದರೆ ಒಳಗಿನ ರಬ್ಬರ್ ಬೆಲ್ಟು ಹಳೆಯ ಕಾಲುಚೀಲದ ಬಾಯಿಯ ಹಾಗೆ ಜೋತು, ತಟ್ಟೆಯನ್ನು ನಿಧಾನಿಸಿ ದನಿಯನ್ನೂ ಇಳಿಸಿತ್ತು. ಅದು ಒಂದು ದಿನದಲ್ಲಿ ಸಡಿಲವಾದದ್ದಲ್ಲ. ದಿನದಿನವೂ ಕೂದಲೆಳೆಯಷ್ಟು, ಅದರ ಜೊತೆಗೇ ಇವನ ಕಿವಿಯೂ. ಪಕ್ಕದಲ್ಲಿ ಇನ್ನೊಬ್ಬರು ಕೂತಿದ್ದರೆ ಮೊದಲ ಹಾಡಿಗೇ "ಇದೇನು ತೂಕಡಿಸ್ತಿದೆ?" ಎಂದು ಕೇಳಿರುತ್ತಿದ್ದರು.

ಹೊಸ ಬೆಲ್ಟು ತಂದು ಹಾಕಿ, ರೆಕಾರ್ಡಿನ ಎರಡೂ ಬದಿಯನ್ನು ಕೂತು ಕೇಳಿದ. ಲಿಫ್ಟಿನವ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಫೋನ್ ಮಾಡಿದ.

"ನೀನು ಹೇಳಿದ್ದೇ ಸರಿ ಕಣೋ."

"ಹೂಂ. ಗೊತ್ತಿತ್ತು." ಹಿಂದೆ ಯಂತ್ರದ ಗುಂಯ್ ಸದ್ದು. "ಕೆಲಸದಲ್ಲಿದ್ದೀನಿ. ಇಡಲಾ?"

"ಸರಿ."

ಸೋತೆ ಎಂದರೆ ಮಾತು ಮತ್ತೆ ಶುರುವಾಗುತ್ತದೆ ಎಂದುಕೊಂಡಿದ್ದ. ಮಾತು ಅಲ್ಲಿಗೇ ಮುಗಿಯಿತು.

ಎದ್ದು ಕಸದ ಬುಟ್ಟಿಯಿಂದ ಹಳೆಯ ಬೆಲ್ಟನ್ನು ಹೆಕ್ಕಿ, ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸಿ, ತಟ್ಟೆಯ ಕೆಳಗೆ ಮೊದಲಿನಂತೆ ಸಿಕ್ಕಿಸಿದ. ಮತ್ತೆ ಫೋನ್ ಮಾಡಿದ.

"ಮತ್ತೇನೋ?"

"ಬೆಲ್ಟು ಸಡಿಲವಾಗಿತ್ತು. ನಾನು ಕೇಳಿದ್ದು ಬೇರೆ. ಏನೂ ಹೇಳಬೇಡ, ಕೇಳು."

ಫೋನನ್ನು ಸ್ಪೀಕರಿನ ಮುಂದಿಟ್ಟು ಮುಳ್ಳು ಇಳಿಸಿದ. ಹಾಡು ಎದ್ದಿತು, ಭಾರವಾಗಿ, ಎಲ್ಲಿಗೂ ಹೋಗಬೇಕಾಗಿಲ್ಲದವನ ಹಾಗೆ. ಯಾರೂ ಹಾಡದ ಹಾಡು. ಈ ಕೋಣೆ ಬಿಟ್ಟು ಬೇರೆಲ್ಲೂ ಇಲ್ಲದ್ದು. ನಡುವೆ ವಾದ್ಯಗಳು ಏಳರ ಎಣಿಕೆಗೆ ಹೊರಳಿದವು. ಅವನು ಫೋನಿನ ಪಕ್ಕದಲ್ಲಿ, ಮರದ ಮೇಲೆ, ಬೆರಳಿನಿಂದ ನಾಲ್ಕು ತಟ್ಟಿದ.

ಆ ಕಡೆ ಯಂತ್ರದ ಸದ್ದು ನಿಂತಿತ್ತು. ಫೋನಿನ ಪರದೆಯ ಮೇಲೆ ಕರೆಯ ಸೆಕೆಂಡುಗಳು ಒಂದೊಂದಾಗಿ ಏರುತ್ತಲೇ ಇದ್ದವು. ಅವನು ಉಳಿದ ಮೂರಕ್ಕೆ ಕಾಯುತ್ತ, ಎತ್ತಿದ ಬೆರಳನ್ನು ಹಾಗೆಯೇ ಹಿಡಿದುಕೊಂಡ.